ಲೇಬಲ್ ಮತ್ತು ಸ್ಥಾನ ಎರಡಕ್ಕೂ ಒಂದೇ ಆವರಣ ಬೇಡ

ನಮಸ್ಕಾರ. ಊರು ಮತ್ತು ವರ್ಷ ಎಂಬ ಎರಡು ಅಕ್ಷಗಳಿರುವ ಮಳೆಯ ಅಂಕಿಅಂಶಗಳಿಗಾಗಿ ನೀವು ಬರೆಯುತ್ತಿರುವ ಅರೇ (ಅಕ್ಷಗಳ ಮೇಲೆ ಜೋಡಿಸಿಟ್ಟ ಬೆಲೆಗಳ ಕೋಷ್ಟಕ) ಲೈಬ್ರರಿಯಲ್ಲಿ, ಚೌಕಾವರಣದೊಳಗೆ ಲೇಬಲ್ (ಸಾಲಿಗಿಟ್ಟ ಹೆಸರು, ಉದಾಹರಣೆಗೆ 1991) ಕೊಟ್ಟರೂ ಕ್ರಮಸಂಖ್ಯೆ (0ರಿಂದ ಎಣಿಸಿದ ಸ್ಥಾನ) ಕೊಟ್ಟರೂ ಉತ್ತರ ಬರುವಂತೆ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ವರ್ಷದ ಅಕ್ಷವನ್ನೇ ತೆಗೆದುಕೊಳ್ಳಿ. ಅಲ್ಲಿನ ಲೇಬಲ್‌ಗಳು 1991ರಿಂದ 2020ರವರೆಗಿನ ಪೂರ್ಣಾಂಕಗಳು. ಬಳಕೆದಾರರು 0 ಎಂದು ಬರೆದರೆ ಅಂಥ ಲೇಬಲ್ ಇಲ್ಲವಾದ್ದರಿಂದ ಮೊದಲ ಸ್ಥಾನವೆಂದು ಊಹಿಸಿಕೊಳ್ಳಬಹುದೆಂದು ತೋರುತ್ತದೆ. ಆದರೆ ಅದೇ ಕೋಡನ್ನು 0ರಿಂದ ಎಣಿಸಿದ ವಾರಗಳ ಅಕ್ಷಕ್ಕೆ ಅನ್ವಯಿಸಿ, ಸಾಲುಗಳನ್ನು ಮಳೆಯ ಪ್ರಮಾಣಕ್ಕೆ ತಕ್ಕಂತೆ ಮರುಜೋಡಿಸಿದರೆ, ಅದೇ 0 ಈಗ ಮೊದಲ ಸಾಲಿನ ಬದಲು 0 ಎಂಬ ಲೇಬಲ್ ಇರುವ ಬೇರೊಂದು ಸಾಲನ್ನು ತಂದುಕೊಡುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ. ಪೈಥಾನ್ ಭಾಷೆಯ ದತ್ತಾಂಶ ಲೈಬ್ರರಿಯಾದ ಪ್ಯಾಂಡಾಸ್‌ನಲ್ಲಿ ಎರಡನ್ನೂ ಒಪ್ಪುತ್ತಿದ್ದ ‘ಐಎಕ್ಸ್’ ಎಂಬ ಸೌಲಭ್ಯವನ್ನು ಇಂಥ ಗೊಂದಲದ ಕಾರಣಕ್ಕಾಗಿಯೇ 2017ರಲ್ಲಿ ಬಳಸಬೇಡಿರೆಂದು ಎಚ್ಚರಿಸಿ, 2020ರ 1.0 ಆವೃತ್ತಿಯಲ್ಲಿ ತೆಗೆದುಹಾಕಿದರು. ಲೇಬಲ್‌ಗೆ ‘ಲೋಕ್’, ಸ್ಥಾನಕ್ಕೆ ‘ಐಲೋಕ್’ ಉಳಿದವು. ಪೈಥಾನ್‌ನ ಇನ್ನೊಂದು ಲೈಬ್ರರಿಯಾದ ಎಕ್ಸ್‌ಅರೇಯಲ್ಲಿ ಇದೇ ರೀತಿ ‘ಸೆಲ್’ ಮತ್ತು ‘ಐಸೆಲ್’ ಇವೆ. ನೀವೂ ಎರಡು ಹೆಸರುಗಳನ್ನು ಮೊದಲ ದಿನದಿಂದಲೇ ಇಡಿ.

ಸ್ಲೈಸ್‌ನ, ಅಂದರೆ ಇಲ್ಲಿಂದ ಅಲ್ಲಿಯವರೆಗೆ ಎಂದು ಒಂದು ತುಂಡನ್ನು ಕೇಳುವುದರ, ವಿಷಯದಲ್ಲಿ ಎರಡರ ನಿಯಮವೂ ಬೇರೆಯಾಗಲೇಬೇಕು. ಸ್ಥಾನದ ಸ್ಲೈಸ್‌ನಲ್ಲಿ ಕೊನೆಯದನ್ನು ಬಿಡುವುದು ಪೈಥಾನ್‌ನ ರೂಢಿ, ಏಕೆಂದರೆ 9ರ ಮುಂದಿನದು 10 ಎಂಬುದು ಎಲ್ಲರಿಗೂ ಗೊತ್ತು. ‘ಆಗುಂಬೆ’ಯ ಮುಂದಿನ ಲೇಬಲ್ ಯಾವುದೆಂದು ಅಕ್ಷವನ್ನು ತೆರೆದು ನೋಡದೆ ಹೇಳಲಾಗದು. ಆದ್ದರಿಂದ ಲೇಬಲ್ ಸ್ಲೈಸ್ ಎರಡೂ ತುದಿಗಳನ್ನು ಒಳಗೊಳ್ಳಲಿ: 1991ರಿಂದ 2000ದವರೆಗೆ ಎಂದರೆ ಹತ್ತು ವರ್ಷ. ಅಕ್ಷದ ಲೇಬಲ್‌ಗಳು ಕ್ರಮವಾಗಿ ವಿಂಗಡಣೆಯಾಗಿದ್ದರೆ ಬೈನರಿ ಹುಡುಕಾಟದಿಂದ (ಪ್ರತಿ ಸಲ ಅರ್ಧ ಭಾಗವನ್ನು ಕೈಬಿಡುತ್ತ ಹುಡುಕುವುದು) ತುದಿಗಳು ಬೇಗ ಸಿಗುತ್ತವೆ. ಆಗಿಲ್ಲದಿದ್ದರೆ ಸ್ಲೈಸ್ ಅನ್ನು ನಿರಾಕರಿಸುವುದೇ ಮೇಲು.

ಊರಿನ ಅಕ್ಷದಲ್ಲಿ ನಿಮಗೆ ಇನ್ನೆರಡು ತೊಡಕುಗಳು ಎದುರಾಗುತ್ತವೆ. ಕರ್ನಾಟಕದಲ್ಲಿ ಹೊಸಹಳ್ಳಿಗಳು ಅನೇಕ. ಲೇಬಲ್ ಒಮ್ಮೆ ಮಾತ್ರ ಇದ್ದರೆ ಒಂದು ಬೆಲೆ, ಎರಡು ಬಾರಿ ಇದ್ದರೆ ಒಂದು ಸರಣಿ ಎಂಬಂತೆ ಉತ್ತರದ ಸ್ವರೂಪವೇ ದತ್ತಾಂಶವನ್ನು ಅವಲಂಬಿಸಿ ಬದಲಾದರೆ, ಅದನ್ನು ನಂಬಿ ಮುಂದಿನ ಸಾಲನ್ನು ಬರೆಯಲಾಗದು. ಅಕ್ಷವನ್ನು ಕಟ್ಟುವಾಗಲೇ ಪುನರಾವರ್ತನೆಯನ್ನು ತಡೆಯಿರಿ, ತಾಲ್ಲೂಕು ಮತ್ತು ಊರು ಸೇರಿದ ಜೋಡಿಯನ್ನು ಲೇಬಲ್ ಮಾಡಿ.

ಎರಡನೆಯದು ಕನ್ನಡದಲ್ಲಿ ಲೇಬಲ್ ಇಡುವವರನ್ನು ನೇರವಾಗಿ ಕಾಡುವಂಥದ್ದು. ‘ಕೊಡಗು’ ಪದದ ಒಕಾರ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಲೇಬಲ್‌ನಿಂದ ಸ್ಥಾನವನ್ನು ಹುಡುಕಿಕೊಡುವ ಹ್ಯಾಶ್ ಟೇಬಲ್‌ಗೆ ಮಾತ್ರ ಬೇರೆ ಬೇರೆ. ಅಕ್ಷವನ್ನು ಕಟ್ಟುವಾಗಲೂ ಹುಡುಕುವಾಗಲೂ ಪಠ್ಯವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ರೂಪಕ್ಕೆ, ತನ್ನಿ.

ಮುಂದೆ ಅಕ್ಷಾಂಶ, ರೇಖಾಂಶಗಳನ್ನು ಸೇರಿಸುವುದಾದರೆ ದಶಮಾಂಶಗಳ ಸಮಾನತೆಯನ್ನು ನಂಬಬೇಡಿ, 0.1 ಮತ್ತು 0.2ರ ಮೊತ್ತ ಕಂಪ್ಯೂಟರಿನಲ್ಲಿ 0.3ಕ್ಕೆ ಸರಿಸಮವಲ್ಲ. ಹತ್ತಿರದ ಲೇಬಲ್ ಬೇಕೆಂದು ಬಳಕೆದಾರರೇ ಸ್ಪಷ್ಟವಾಗಿ ಕೇಳಲಿ, ಎಷ್ಟು ಅಂತರದವರೆಗೆ ಎಂಬುದನ್ನೂ ಅವರೇ ಹೇಳಲಿ. ಇನ್ನು ಎರಡು ಅರೇಗಳನ್ನು ಕೂಡುವಾಗ ಲೇಬಲ್‌ಗಳು ಹೊಂದದಿದ್ದರೆ ಪ್ಯಾಂಡಾಸ್ ಎಲ್ಲ ಲೇಬಲ್‌ಗಳನ್ನೂ ಉಳಿಸಿಕೊಂಡು ಜೋಡಿ ಸಿಗದ ಕಡೆ ಬೆಲೆಯನ್ನು ಖಾಲಿ ಬಿಡುತ್ತದೆ, ಎಕ್ಸ್‌ಅರೇ ಬೇರೆ ಸೂಚನೆ ಇಲ್ಲದಿದ್ದರೆ ಎರಡರಲ್ಲೂ ಇರುವ ಲೇಬಲ್‌ಗಳನ್ನಷ್ಟೇ ಉಳಿಸುತ್ತದೆ. ನೀವು ಸದ್ಯಕ್ಕೆ ಎರರ್ ಕೊಡಿ, ಸಡಿಲಿಸುವುದನ್ನು ಆಮೇಲೆ ನೋಡಬಹುದು, ಬಿಗಿಗೊಳಿಸುವುದು ಕಷ್ಟ.

ಟೆಸ್ಟ್‌ಗಳಲ್ಲಿ ಲೇಬಲ್‌ಗಳನ್ನು 0, 1, 2 ಎಂದು ಇಡಬೇಡಿ, ಬೇಕೆಂದೇ 2, 0, 1 ಎಂದಿಡಿ. ಮೊದಲಿನ ಕ್ರಮದಲ್ಲಿ ಲೇಬಲ್ ಮತ್ತು ಸ್ಥಾನ ಒಂದೇ ಆಗುವುದರಿಂದ ಇವೆರಡನ್ನು ಅದಲುಬದಲು ಮಾಡಿದ ಕೋಡ್ ಕೂಡ ಪಾಸಾಗಿಬಿಡುತ್ತದೆ.