ಅನ್ನಭೇದಿ ಹಾಕಿದರೂ ದಾಸವಾಳದ ಚಿಗುರು ಹಳದಿ

ಕುಂಡದ ದಾಸವಾಳಕ್ಕೆ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಹಾಕಿದರೂ ಚಿಗುರೆಲೆ ಹಳದಿ, ನರ ಮಾತ್ರ ಹಸಿರು, ಹಾಕೋದು ಬೋರ್‌ವೆಲ್ ನೀರು ಅಂದಿರಲ್ವಾ, ಬಹುಶಃ ಕಬ್ಬಿಣದ ಕೊರತೆಯೇ. ಮಣ್ಣಲ್ಲಿ ಕಬ್ಬಿಣ ಇದೆ, ಬೇರಿಗೆ ಎಳೆದುಕೊಳ್ಳಲು ಆಗುತ್ತಿಲ್ಲ. ಕೊರತೆಯಾದಾಗ ಬೇರು ಆಮ್ಲ ಬಿಡುತ್ತದೆ, ಕರಗಿದ ಕಬ್ಬಿಣವನ್ನು ಕಿಣ್ವದಿಂದ ತಾನು ಹೀರಬಲ್ಲ ಫೆರಸ್ ರೂಪಕ್ಕೆ ತರುತ್ತದೆ, ಬೇರಿನ ಜೀವಕೋಶದ ಹೊರಪೊರೆಯಲ್ಲಿರುವ ಐಆರ್‌ಟಿ1 ಥರದ ಪ್ರೋಟೀನ್ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತದೆ. ನಿಮ್ಮ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಎಂಬ ಕ್ಷಾರೀಯ ಅಂಶ ಆ ಆಮ್ಲವನ್ನೇ ನುಂಗಿಬಿಡುತ್ತದೆ. ಹಾಕಿದ ಅನ್ನಭೇದಿಯೂ ತುಕ್ಕಾಗಿ ಕೂತಿರುತ್ತದೆ.

ಮೊದಲು ಕುಂಡ ಸದಾ ಒದ್ದೆ ಇರುತ್ತದಾ ನೋಡಿ. ಉಸಿರು ಕಟ್ಟಿದ ಬೇರಿಗೂ ಇದೇ ಲಕ್ಷಣ, ಹಾಗಿದ್ದರೆ ನೀರು ಕಮ್ಮಿ ಮಾಡಿ. ಆಮೇಲೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) ಅಳೆಯಿರಿ. 7.5 ದಾಟಿದ್ದರೆ ಇಡಿಡಿಎಚ್‌ಎ ಕಬ್ಬಿಣವನ್ನೇ ಕೊಡಿ, ಅಂದರೆ ತುಕ್ಕಾಗದಂತೆ ಕಬ್ಬಿಣವನ್ನು ಹಿಡಿದಿಡುವ ಕೀಲೇಟ್ ಗೊಬ್ಬರ. ಇಡಿಟಿಎ ಅನ್ನೋ ಇನ್ನೊಂದು ಕೀಲೇಟ್ ಅಷ್ಟು ಕ್ಷಾರದಲ್ಲಿ ಕಬ್ಬಿಣವನ್ನು ಹಿಡಿದಿಡುವುದಿಲ್ಲ, ಸುಮ್ನೆ ದುಡ್ಡು ದಂಡ. ಮಳೆನೀರು ಸಿಕ್ಕರೆ ಅದನ್ನೇ ಹಾಕಿ. ಗುಣ ಕಂಡಿತಾ ಅಂತ ಹಳೇ ಎಲೆಯಲ್ಲಿ ಹುಡುಕಬೇಡಿ, ಮುಂದಿನ ಚಿಗುರು ನೋಡಿ.