ಫೋನಿನಲ್ಲೇ ಇಷ್ಟು ಚೆನ್ನಾಗಿ ಫೋಟೋ ಬರುವಾಗ ಹಳೇ ರೀಲು ಕ್ಯಾಮೆರಾ ಯಾಕೆ?

ಬೀರುವಿನಲ್ಲಿ ಹಳೇ ಕ್ಯಾಮೆರಾ ಒಂದು ಸಿಕ್ಕಿದೆ, ಅದಕ್ಕೆ ರೀಲು ಹಾಕಿ ಫೋಟೋ ತೆಗೆಯುವುದರಲ್ಲಿ ನಿಜಕ್ಕೂ ಸುಖ ಇದೆಯಾ, ಇಲ್ಲ ಬರೀ ಶೋಕಿಯಾ ಅಂತ ಕೇಳಿದ್ದೀರಿ. ಹತ್ತು ವರ್ಷದಿಂದ ರೀಲಿನಲ್ಲೇ ಫೋಟೋ ತೆಗೆಯುತ್ತಿದ್ದೇನೆ. ಸುಖ ಇದೆ. ತುಂಬಾ ಇದೆ.

ಫಿಲಂ ಬಣ್ಣ ಚೆಂದ, ಅದರ ಗ್ರೇನ್, ಅಂದರೆ ಮರಳು ಚೆಲ್ಲಿದ ಹಾಗೆ ಕಾಣುವ ಸಣ್ಣ ಚುಕ್ಕೆಗಳು, ಚೆಂದ ಅಂತ ಜನ ಹೇಳುವುದು ನಿಜವೇ. ಆದರೆ ಅದನ್ನು ಫೋನಿನ ಫಿಲ್ಟರ್ ಕೂಡ ಹೆಚ್ಚುಕಡಿಮೆ ಕೊಡುತ್ತದೆ. ನನ್ನನ್ನು ಹಿಡಿದಿಟ್ಟಿರುವುದು ಇನ್ನೊಂದು. ಬಟನ್ ಒತ್ತಿದ ಮೇಲೆ ಏನೂ ಕಾಣಿಸುವುದಿಲ್ಲ, ನೋಡಿ, ಅದು.

ಒಂದು ಸಲ ಅಕ್ಕನ ಮಗಳ ಫೋಟೋ ತೆಗೆದೆ. ಓಡಿ ಬಂದು ಕ್ಯಾಮೆರಾ ಕಿತ್ತುಕೊಂಡು ಹಿಂದೆ ತಿರುಗಿಸಿದಳು. ಬರೀ ಕಪ್ಪು ಮುಚ್ಚಳ.

"ಎಲ್ಲಿದೆ ಮಾಮ?"

"ಒಳಗಿದೆ."

"ಯಾವಾಗ ಬರುತ್ತೆ?"

"ರೀಲು ಮುಗಿಯಲಿಕ್ಕೆ ಇನ್ನೂ ಹನ್ನೊಂದು ಫೋಟೋ ಬಾಕಿ ಇದೆ ಪುಟ್ಟಿ."

ಕ್ಯಾಮೆರಾ ವಾಪಸ್ ಕೊಟ್ಟು ಆಟಕ್ಕೆ ಹೋದಳು. ಫೋನಾಗಿದ್ದರೆ ಇಬ್ಬರೂ ಸ್ಕ್ರೀನಿಗೆ ತಲೆ ಬಗ್ಗಿಸಿ, ಚೆನ್ನಾಗಿಲ್ಲ, ಇನ್ನೊಂದು ತೆಗಿ ಅಂತ ಶುರುವಾಗುತ್ತಿತ್ತು, ಅಲ್ವಾ? ರೀಲು ಕ್ಯಾಮೆರಾದಲ್ಲಿ ನೋಡಲಿಕ್ಕೆ ಏನೂ ಇಲ್ಲದ್ದರಿಂದ ಕಣ್ಣು ಎದುರಿನ ಮನುಷ್ಯರ ಮೇಲೇ ಉಳಿಯುತ್ತದೆ.

"ಒಳಗಿದೆ" ಅಂದದ್ದು ಮಗುವನ್ನು ಸಮಾಧಾನ ಮಾಡಲಿಕ್ಕಲ್ಲ. ನಿಜವಾಗಿಯೂ ಒಳಗಿರುತ್ತದೆ. ಫಿಲಂ ಮೇಲೆ ಜೆಲಟಿನ್ ಪದರ, ಅದರಲ್ಲಿ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳು. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಟ್ಟುಗೂಡುತ್ತವೆ. ಯಾವ ಕಣ್ಣಿಗೂ ಅದು ಕಾಣುವುದಿಲ್ಲ. ಆಮೇಲೆ ರೀಲು ತೊಳೆಯುವಾಗ ಹಾಕುವ ಡೆವಲಪರ್ ಅನ್ನುವ ರಾಸಾಯನಿಕ ಆ ಗುರುತು ಹಿಡಿದೇ ಇಡೀ ಹರಳನ್ನು ಬೆಳ್ಳಿ ಮಾಡುತ್ತದೆ. ಅಲ್ಲಿಯ ತನಕ ಆ ಹುಡುಗಿಯ ನಗು ಕತ್ತಲಲ್ಲಿ ಸುರುಳಿ ಸುತ್ತಿಕೊಂಡು ಕೂತಿರುತ್ತದೆ.

ಅಮೆರಿಕದ ಗ್ಯಾರಿ ವಿನೋಗ್ರಾಂಡ್ ಬೀದಿ ಫೋಟೋಗಳಿಗೆ ಹೆಸರಾದವರು. ಅವರು ರೀಲುಗಳನ್ನು ಬೇಕಂತಲೇ ತಿಂಗಳುಗಟ್ಟಲೆ ತೊಳೆಯದೆ ಇಡುತ್ತಿದ್ದರು. ತೆಗೆದ ದಿನದ ಖುಷಿ ಆರಿದ ಮೇಲೆ ನೋಡಿದರೆ ಯಾವುದು ಒಳ್ಳೆಯ ಫೋಟೋ ಅಂತ ಸರಿಯಾಗಿ ತಿಳಿಯುತ್ತದೆ ಅನ್ನುವ ಲೆಕ್ಕ. 1984ರಲ್ಲಿ ತೀರಿಕೊಂಡಾಗ ತೆಗೆದೂ ತೊಳೆಯದ ರೀಲುಗಳೇ ಸುಮಾರು 2,500 ಉಳಿದಿದ್ದವು. ನಾನು ಒಂದು ತಿಂಗಳು ಇಡುತ್ತೇನೆ. ಅಷ್ಟರಲ್ಲಿ ಅರ್ಧ ಮರೆತಿರುತ್ತದೆ. ಹಾಗೆ ಮರೆತದ್ದು ತಿರುಗಿ ಕೈಗೆ ಸಿಗುವುದೇ ಹಬ್ಬ.

ನೋವೂ ಇದೆ, ಮುಚ್ಚಿಡುವುದಿಲ್ಲ. ಒಂದು ಪ್ರವಾಸದಲ್ಲಿ 36 ಫೋಟೋಗಳ ರೀಲಿನ ಎಣಿಕೆ 36 ದಾಟಿ 38ಕ್ಕೆ ಬಂತು. ರೀಲು ಮುಗಿದರೆ ಬಿಗಿಯಾಗಬೇಕಿದ್ದ, ಫಿಲಂ ಮುಂದಕ್ಕೆ ತಳ್ಳುವ ಲಿವರ್ ಮಾತ್ರ ಬಿಗಿಯಾಗಲೇ ಇಲ್ಲ. ಎದೆ ಧಸಕ್ಕೆಂದಿತು. ಹಿಂದಿನ ಮುಚ್ಚಳ ತೆಗೆದರೆ ಫಿಲಂನ ನಾಲಿಗೆ ಸುತ್ತುವ ಕಡ್ಡಿಯಿಂದ ಜಾರಿ ಇದ್ದಲ್ಲೇ ಬಿದ್ದಿತ್ತು. ಒಂದು ಫೋಟೋ ಕೂಡ ಬಂದಿರಲಿಲ್ಲ. ಅವತ್ತಿನಿಂದ ರೀಲು ಹಾಕಿದ ಮೇಲೆ ಸಡಿಲ ಇದ್ದದ್ದನ್ನು ಎಳೆದುಕೊಂಡು, ಲಿವರ್ ತಿರುಗಿಸುವಾಗ ಎಡಗಡೆಯ ರಿವೈಂಡ್ ಗುಂಡಿಯನ್ನೇ ನೋಡುತ್ತೇನೆ. ಅದು ತಿರುಗಿದರೆ ಫಿಲಂ ಓಡುತ್ತಿದೆ ಅಂತ ಅರ್ಥ. ನೀವೂ ಇದನ್ನು ಮರೆಯಬೇಡಿ.

ಆ ಕಳೆದುಹೋದ ಫೋಟೋಗಳಲ್ಲಿ ಎಷ್ಟೋ ನನಗೆ ಈಗಲೂ ನೆನಪಿವೆ. ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದ ಅಜ್ಜ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಬೆಳಕು ಅಳೆದು, ಫೋಕಸ್ ತಿರುಗಿಸಿ, ಉಸಿರು ಹಿಡಿದು ನೋಡಿದ್ದು ಹಾಗೆ ಸುಮ್ನೆ ಅಳಿಸಿ ಹೋಗುವುದಿಲ್ಲ. ಫೋನಿನಲ್ಲಿರುವ ಸಾವಿರಾರು ಫೋಟೋಗಳಲ್ಲಿ ಅಷ್ಟು ಚೆನ್ನಾಗಿ ನೆನಪಿರುವುದು ಕಡಿಮೆ.

ನನ್ನದು ಪೆಂಟಾಕ್ಸ್ ಕೆ1000. 1976ರಿಂದ 1997ರ ತನಕ ತಯಾರಾದ ಮಾದರಿ. ಒಳಗೆಲ್ಲ ಸ್ಪ್ರಿಂಗು, ಹಲ್ಲಿನ ಚಕ್ರ. ಬ್ಯಾಟರಿ ಬೇಕಾಗಿರುವುದು ಬೆಳಕಿನ ಮೀಟರಿಗೆ ಮಾತ್ರ. ಬ್ಯಾಟರಿ ಸತ್ತರೂ ಶಟರ್, ಅಂದರೆ ಫಿಲಂಗೆ ಬೆಳಕು ಬಿಡುವ ಪರದೆ, ಎಲ್ಲ ವೇಗದಲ್ಲೂ ಓಡುತ್ತದೆ. ಆಗ ಕೈ ಹಿಡಿಯುವುದು ಸನ್ನಿ 16 ಅನ್ನುವ ಹಳೇ ಲೆಕ್ಕ. ಚುರುಕು ಬಿಸಿಲಿದ್ದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/16 (ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಚಿಕ್ಕದು), ಶಟರ್ ವೇಗ ಫಿಲಂನ ಐಎಸ್‌ಒ ಸಂಖ್ಯೆಗೆ, ಅಂದರೆ ಬೆಳಕನ್ನು ಹಿಡಿಯುವ ಅದರ ಚುರುಕಿನ ಅಳತೆಗೆ, ಹತ್ತಿರದ್ದು. ಅಂದರೆ 400ರ ರೀಲಿಗೆ 1/500 ಸೆಕೆಂಡು. ಮೋಡ ಕವಿದಿದ್ದರೆ ಎಫ್/8, ನೆರಳಾದರೆ ಎಫ್/4. ಕೆಲವು ತಿಂಗಳು ಹೀಗೆ ತೆಗೆದರೆ ಕ್ಯಾಮೆರಾ ಕೈಯಲ್ಲಿ ಇಲ್ಲದಾಗಲೂ ಕಣ್ಣು ಬೆಳಕನ್ನು ಅಳೆಯುತ್ತಿರುತ್ತದೆ. ನನಗೆ ಇದು ದೊಡ್ಡ ಲಾಭ.

ನಿಮ್ಮ ಬೀರುವಿನ ಕ್ಯಾಮೆರಾ ಯಾವುದು ಅಂತ ಬರೆದಿಲ್ಲ. ರೀಲು ಹಾಕುವ ಮೊದಲು ಇಷ್ಟು ನೋಡಿ. ಒಳಗೆ ಹಳೇ ರೀಲು ಇದ್ದರೂ ಇರಬಹುದು, ರಿವೈಂಡ್ ಗುಂಡಿ ಮೆಲ್ಲಗೆ ತಿರುಗಿಸಿ. ಬಿಗಿ ಅನ್ನಿಸಿದರೆ ಹಿಂದಿನ ಮುಚ್ಚಳ ತೆಗೆಯಬೇಡಿ. ಖಾಲಿ ಇದ್ದರೆ ಆ ಮುಚ್ಚಳ ತೆಗೆದು, ವೇಗವನ್ನು 1 ಸೆಕೆಂಡಿಗೆ ಇಟ್ಟು ಶಟರ್ ಒತ್ತಿ. ನಡುವೆ ನಿಂತುಬಿಟ್ಟರೆ ಒಳಗಿನ ಗ್ರೀಸ್ ಒಣಗಿದೆ, ರಿಪೇರಿ ಬೇಕು. ಲೆನ್ಸಿಗೆ ಟಾರ್ಚ್ ಬಿಡಿ. ಜೇಡರ ಬಲೆಯ ಹಾಗೆ ಕಂಡರೆ ಬೂಷ್ಟು ಹಿಡಿದಿದೆ. ಮುಚ್ಚಳದ ಅಂಚಿನ ಸ್ಪಂಜು ಅಂಟಂಟಾಗಿದ್ದರೆ ಬದಲಿಸಿ, ಇಲ್ಲವಾದರೆ ಬೆಳಕು ಸೋರುತ್ತದೆ. 60, 70ರ ದಶಕದ ಎಷ್ಟೋ ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಬ್ಯಾಟರಿ ನಂಬಿದ್ದವು. ಅದರ ಜಾಗಕ್ಕೆ ಈಗಿನ 1.5 ವೋಲ್ಟಿನದು ಹಾಕಿದರೆ ಮೀಟರ್ ತಪ್ಪು ಹೇಳಬಹುದು. ಆ ಅನುಮಾನ ಇದ್ದರೆ ಮೇಲೆ ಹೇಳಿದ ಲೆಕ್ಕವನ್ನೇ ನಂಬಿ.

ಆಮೇಲೆ, ಕಪ್ಪುಬಿಳುಪು ರೀಲನ್ನು ಒಂದು ಸಲವಾದರೂ ನೀವೇ ತೊಳೆಯಿರಿ. ಬೆಳಕು ನುಗ್ಗದ ಚೀಲದೊಳಗೆ ಕೈ ಹಾಕಿ, ಬರೀ ಬೆರಳಿನ ಅಂದಾಜಿನಲ್ಲಿ ಫಿಲಂ ಅನ್ನು ತೊಳೆಯುವ ಡಬ್ಬಿಯ ಸುರುಳಿಗೆ ಏರಿಸಬೇಕು. ಅಂಚು ಸರಿಯಾಗಿ ಕೂತರೆ ನಯವಾಗಿ ಜಾರುತ್ತದೆ, ತಪ್ಪಿದರೆ ಕೈಗೇ ಗೊತ್ತಾಗುತ್ತದೆ. ನಾನು ಬಳಸುವುದು ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ರೀಲು, ಐಡಿ-11 ಡೆವಲಪರ್. ಡೆವಲಪರಿಗೆ ನೀರು ಬೆರೆಸದಿದ್ದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ನಿಮಿಷಕ್ಕೊಮ್ಮೆ ಡಬ್ಬಿಯನ್ನು ನಾಲ್ಕು ಸಲ ತಲೆಕೆಳಗು ಮಾಡುತ್ತೇನೆ. ಆಮೇಲೆ ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರವನ್ನು ಗಟ್ಟಿಯಾಗಿ ಉಳಿಸುವ ಫಿಕ್ಸರ್, ತೊಳೆಯುವ ನೀರು. ಇಷ್ಟೆಲ್ಲ ಆದ ಮೇಲೆ, ಬಿಳುಪೆಲ್ಲ ಕಪ್ಪಾಗಿ ಕಪ್ಪೆಲ್ಲ ಬಿಳುಪಾಗಿ ಕಾಣುವ ಒದ್ದೆ ನೆಗೆಟಿವ್ ಪಟ್ಟಿಯನ್ನು ಬಿಡಿಸಿ ಬಲ್ಬಿಗೆ ಹಿಡಿಯುತ್ತೇನೆ. ಎಷ್ಟು ರೀಲು ತೊಳೆದಿದ್ದರೂ ಆಗ ಈಗಲೂ ಮೈ ಜುಮ್ಮೆನ್ನುತ್ತದೆ.

ಅಕ್ಕನ ಮಗಳಿದ್ದ ರೀಲನ್ನು ಅವಳ ಎದುರಿಗೇ ನೇತುಹಾಕಿ ಒಣಗಿಸಿದೆ. ಅವಳದು 25ನೇ ಚೌಕ. ಸ್ಟೂಲು ಹತ್ತಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಮಾಮ, ನನ್ನ ಹಲ್ಲು ಯಾಕೆ ಕಪ್ಪಗಿದೆ?"