ಕೊಕ್ಕರೆ ರೋಗ: ಲಸಿಕೆ ಹಾಕಿಸಿದರೂ ಕೋಳಿ ಸತ್ತಿದ್ದು ಯಾಕೆ?

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಾವು ಶಿರಾ ಹತ್ತಿರದ ಹಳ್ಳಿಯವರು. ಮನೆಯಲ್ಲಿ 40 ನಾಟಿ ಕೋಳಿ ಇದ್ದವು. ಯುಗಾದಿಗೆ ಮುಂಚೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿದೆವು. ಆಮೇಲೆ ಐದಾರು ದಿನಕ್ಕೇ ಒಂದೊಂದಾಗಿ ತೂಕಡಿಸಲು ಶುರುವಾಯಿತು. ಹಸಿರು ಬೇದಿ, ಕುತ್ತಿಗೆ ತಿರುಚಿಕೊಳ್ಳುವುದು. ವಾರದೊಳಗೆ 31 ಸತ್ತವು. ವೈರಸ್ ಬದಲಾಗಿದೆ, ಹಳೇ ಲಸಿಕೆ ಈಗ ನಾಟುವುದಿಲ್ಲ ಅಂತ ಫೋನಿನಲ್ಲಿ ಒಂದು ವಿಡಿಯೊ ಓಡಾಡುತ್ತಿದೆ. ನಿಜವಾ ಸಾರ್?

ಉತ್ತರ: ಪತ್ರ ಓದಿ ಬೇಜಾರಾಯಿತು ಅಕ್ಕಾ. 31 ಕೋಳಿ ಅಂದರೆ ಮನೆಯ ಮೊಟ್ಟೆ, ನಂಟರು ಬಂದಾಗಿನ ಸಾರು, ಕಷ್ಟಕ್ಕೆ ಸಂತೆಗೆ ಒಯ್ದು ಮಾರಬಹುದಾಗಿದ್ದ ದುಡ್ಡು, ಎಲ್ಲಾ ಒಟ್ಟಿಗೆ ಹೋದ ಹಾಗೆ.

ಆ ವಿಡಿಯೊದಲ್ಲಿ ಅರ್ಧ ನಿಜ ಇದೆ. ವೈರಸ್ ಬದಲಾಗಿರುವುದು ಹೌದು. ನಿಮ್ಮೂರಲ್ಲಿ ಹಾಕುವ ಲಾಸೋಟಾ ಲಸಿಕೆಯ ವೈರಸ್ಸನ್ನು 1946ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಕೋಳಿ ಫಾರಂನಿಂದ ತೆಗೆದದ್ದು. ಜೀನ್ ಲೆಕ್ಕದಲ್ಲಿ ಅದು 2ನೇ ಗುಂಪಿಗೆ ಸೇರುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸತ್ತ ಕೋಳಿಗಳಿಂದ ತೆಗೆದು ಓದಿದ ವೈರಸ್‌ಗಳಲ್ಲಿ 13ನೇ ಗುಂಪಿನವು ಮತ್ತೆ ಮತ್ತೆ ಸಿಗುತ್ತಿವೆ, 7ನೇ ಗುಂಪಿನವೂ ಇವೆ. ಒಂದೇ ಮನೆತನ, ಆದರೆ ಬಹಳ ಹಿಂದೆಯೇ ಬೇರೆಯಾದ ಕವಲುಗಳು ಅಂದುಕೊಳ್ಳಿ.

ಆದರೆ ಕೋಳಿಯ ಮೈ ಈ ವೈರಸ್ಸನ್ನು ಗುರುತು ಹಿಡಿಯುವ ರೀತಿ ಬೇರೆ. ಜೀನಿನಲ್ಲಿ ಎಷ್ಟೇ ಗುಂಪಿದ್ದರೂ ರಕ್ತದಲ್ಲಿ ಹುಟ್ಟುವ ಪ್ರತಿಕಾಯದ ಮಟ್ಟಿಗೆ ಇವೆಲ್ಲಾ ಒಂದೇ ಜಾತಿ. ಹಾಗಾಗಿ ಸರಿಯಾಗಿ ಲಸಿಕೆ ಬಿದ್ದ ಕೋಳಿ 13ನೇ ಗುಂಪಿನ ವೈರಸ್ ಬಂದರೂ ಸಾಮಾನ್ಯವಾಗಿ ಸಾಯುವುದಿಲ್ಲ. ಅದಕ್ಕೆ ಸೋಂಕು ತಗಲಬಹುದು, ಹಿಕ್ಕೆಯಲ್ಲಿ, ಸಿಂಬಳದಲ್ಲಿ ವೈರಸ್ ಹೊರಗೆ ಹೋಗಬಹುದು. ಗುಂಪಿನ ವ್ಯತ್ಯಾಸ ಕಾಟ ಕೊಡುವುದು ಇಲ್ಲೇ. ಓಡಾಡುವ ವೈರಸ್ಸಿನ ಗುಂಪಿನಿಂದಲೇ ಮಾಡಿದ ಲಸಿಕೆ ಹಾಕಿದರೆ ಹೀಗೆ ಹೊರಗೆ ಹೋಗುವ ವೈರಸ್ ಕಡಿಮೆಯಾಗುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಚೀನಾದಲ್ಲಿ 7ನೇ ಗುಂಪಿನ ವೈರಸ್ಸಿನಿಂದಲೇ ಲಸಿಕೆ ಮಾಡಿ ಬಳಸುತ್ತಿದ್ದಾರೆ. ನಮಗೂ ಅಂಥದ್ದು ಬೇಕು ಅಂತ ನಾನು ಮನಸಾರೆ ನಂಬುತ್ತೇನೆ. ಹಾಗಂತ ಅದು ಬರುವ ತನಕ ಹಳೇ ಲಸಿಕೆ ಬಿಟ್ಟರೆ ಇರುವ ಕೋಳಿಯೂ ಉಳಿಯುವುದಿಲ್ಲ.

ಹಾಗಾದರೆ ನಿಮ್ಮ ಕೋಳಿ ಯಾಕೆ ಸತ್ತವು? ಮೊದಲು ದಿನ ಲೆಕ್ಕ ಹಾಕೋಣ. ಈ ರೋಗ ಮೈಗೆ ಹೊಕ್ಕು ಕಾಣಿಸಿಕೊಳ್ಳಲು 2ರಿಂದ 15 ದಿನ ಬೇಕು, ಸಾಮಾನ್ಯವಾಗಿ ಐದಾರು ದಿನ. ಲಸಿಕೆ ಹಾಕಿದ ಮೇಲೆ ಗಟ್ಟಿ ರಕ್ಷಣೆ ಬರಲು ಒಂದೆರಡು ವಾರ ಬೇಕು. ನಿಮ್ಮಲ್ಲಿ ಐದಾರು ದಿನಕ್ಕೇ ಶುರುವಾಗಿದೆ ಅಂದರೆ ಲಸಿಕೆ ಹಾಕುವಾಗಲೇ, ಅಥವಾ ಅದರ ಮಾರನೇ ದಿನವೋ ಏನೋ, ವೈರಸ್ ನಿಮ್ಮ ಗೂಡಿಗೆ ಬಂದಾಗಿತ್ತು. ಹಬ್ಬದ ಮುಂಚೆ ಸಂತೆಯಿಂದ ಹೊಸ ಹುಂಜ ತಂದಿದ್ದಿರಾ? ಪಕ್ಕದ ಮನೆಯ ಕೋಳಿ ತೂಕಡಿಸುತ್ತಿತ್ತಾ? ಸ್ವಲ್ಪ ನೆನಪು ಮಾಡಿಕೊಳ್ಳಿ.

ಎರಡನೆಯದು ಲಸಿಕೆಯ ಬಾಟಲಿ. ಲಾಸೋಟಾದಲ್ಲಿ ಇರುವುದು ಜೀವಂತ ವೈರಸ್. 2ರಿಂದ 8 ಡಿಗ್ರಿ ಒಳಗಿದ್ದರೆ ಬದುಕಿರುತ್ತದೆ, ಬಿಸಿಲಿಗೆ ಸಿಕ್ಕರೆ ಸಾಯುತ್ತದೆ. ಕೆಲವು ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ ಲಸಿಕೆ ಹಾಕುವ ದಿನ ನಾನೂ ಹೋಗಿದ್ದೆ. ಮಧ್ಯಾಹ್ನ ಹನ್ನೆರಡಾಗಿತ್ತು. ಲಸಿಕೆ ತಂದವರು ಅಂಗಿ ಜೇಬಿಗೆ ಕೈ ಹಾಕಿ, ಹೆಬ್ಬೆರಳು ಗಾತ್ರದ ಗಾಜಿನ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟರು. ತಳದಲ್ಲಿ ಚಿಟಿಕೆ ಬಿಳಿ ಪುಡಿ ಅಂಟಿಕೊಂಡಿತ್ತು, ಬಾಟಲಿ ಬೆಚ್ಚಗಿತ್ತು. ಅವರಿಗೆ ಬೆಳಗ್ಗೆಯಿಂದ ಅದು ನಾಲ್ಕನೇ ಹಳ್ಳಿ, ಐಸ್ ಕರಗಿ ಎಷ್ಟು ಹೊತ್ತಾಗಿತ್ತೋ. ಅವತ್ತು ಕಣ್ಣಿಗೆ ಹನಿ ಹಾಕಿಸಿಕೊಂಡ ಕೋಳಿಗಳ ಲೆಕ್ಕ ಪುಸ್ತಕದಲ್ಲಿ ಬರೆದುಕೊಂಡರು. ಅವುಗಳ ಮೈಯಲ್ಲಿ ರಕ್ಷಣೆ ಹುಟ್ಟಿತು ಅಂತ ನಾನು ಹೇಳಲಾರೆ. ಆ ಬಾಟಲಿಯ ಬಿಸಿ ಇವತ್ತಿಗೂ ಅಂಗೈಯಲ್ಲಿ ಇದ್ದ ಹಾಗಿದೆ.

ಅದಕ್ಕೆ ಹೇಳುತ್ತೇನೆ, ಮುಂದಿನ ಸಲ ಬಾಟಲಿಯನ್ನು ನೀವೇ ಮುಟ್ಟಿ ನೋಡಿ. ತಣ್ಣಗಿಲ್ಲದಿದ್ದರೆ ಬೇಡ ಅನ್ನಿ, ಸಂಕೋಚ ಬೇಡ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಯಬೇಕು. ಕುಡಿಯುವ ನೀರಿನಲ್ಲಿ ಕೊಡುವುದಾದರೆ ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡವೇ ಬೇಡ, ಬಾವಿಯದೋ ಬೋರ್‌ವೆಲ್‌ನದೋ ನೀರಿಗೆ ಸ್ವಲ್ಪ ಕೆನೆ ತೆಗೆದ ಹಾಲಿನ ಪುಡಿ ಕಲಸಿ ಕೊಡಿ.

ಪ್ರಶ್ನೆ: ಕೊಕ್ಕರೆ ರೋಗಕ್ಕೆ ರಾಣಿಖೇತ್ ಅಂತ ಹೆಸರು ಯಾಕೆ? (ಮೈಸೂರಿನಿಂದ)

ಉತ್ತರ: ರಾಣಿಖೇತ್ ಅನ್ನುವುದು ಈಗಿನ ಉತ್ತರಾಖಂಡದ ಒಂದು ಬೆಟ್ಟದ ಊರು. ನಮ್ಮ ದೇಶದಲ್ಲಿ ಈ ರೋಗವನ್ನು 1927ರಲ್ಲಿ ಮೊದಲು ಗುರುತಿಸಿದ್ದು ಅಲ್ಲಿ, ಅದಕ್ಕೇ ಆ ಹೆಸರು. ಅದಕ್ಕೆ ಒಂದು ವರ್ಷ ಮುಂಚೆ ಜಾವಾದಲ್ಲಿ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಾಣಿಸಿತ್ತು. ಹಾಗಾಗಿ ಹೊರಗಿನವರು ನ್ಯೂಕ್ಯಾಸಲ್ ರೋಗ ಅನ್ನುತ್ತಾರೆ. ಎಂಟು ವಾರ ದಾಟಿದ ಕೋಳಿಗೆ ಇಂಜೆಕ್ಷನ್ ಮಾಡುವ ಆರ್‌2ಬಿ ಲಸಿಕೆ ಹುಟ್ಟಿದ್ದೂ ಅದೇ ಕುಮಾವೂಂ ಬೆಟ್ಟಗಳಲ್ಲಿ, ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ.

ಪ್ರಶ್ನೆ: ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಸತ್ತ ಕೋಳಿಯಿಂದ ವೈರಸ್ಸಿನ ಗುಂಪು ಹೇಗೆ ಕಂಡುಹಿಡಿಯುತ್ತಾರೆ? ಜೀನ್ ನೋಡಿದರೆ ರೋಗ ಎಷ್ಟು ಜೋರು ಅಂತಲೂ ಗೊತ್ತಾಗುತ್ತದಾ?

ಉತ್ತರ: ಗೊತ್ತಾಗುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗವೇ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಕೋಳಿಯ ಗಂಟಲಿನಿಂದ, ಗುದದಿಂದ ಹತ್ತಿ ಕಡ್ಡಿಯಲ್ಲಿ ದ್ರವ ತೆಗೆಯುತ್ತಾರೆ. ಸತ್ತಿದ್ದರೆ ಮಿದುಳು, ಶ್ವಾಸಕೋಶ, ಗುಲ್ಮದ ಚೂರು. ಎಲ್ಲಾ ಐಸ್‌ನಲ್ಲೇ ಲ್ಯಾಬಿಗೆ ಬರಬೇಕು. ಅಲ್ಲಿ 9ರಿಂದ 11 ದಿನ ಕಾವು ಕೊಟ್ಟ ಮೊಟ್ಟೆ ಕಾಯುತ್ತಿರುತ್ತದೆ. ಕತ್ತಲ ಕೋಣೆಯಲ್ಲಿ ಮೊಟ್ಟೆಯನ್ನು ದೀಪದ ಮೇಲೆ ಹಿಡಿದರೆ ಕೆಂಪು ರಕ್ತನಾಳ ಬೇರಿನ ಹಾಗೆ ಹರಡಿರುವುದು, ಮರಿ ಮಿಸುಕುವುದು ಕಾಣುತ್ತದೆ. ರಕ್ತನಾಳ ತಪ್ಪಿಸಿ, ಚಿಪ್ಪಿಗೆ ಸಣ್ಣ ತೂತು ಮಾಡಿ ಸೂಜಿಯಲ್ಲಿ ಮಾದರಿ ಬಿಡುತ್ತಾರೆ. ಜೋರು ವೈರಸ್ ಇದ್ದರೆ ಎರಡು ಮೂರು ದಿನದಲ್ಲಿ ಮರಿ ಸಾಯುತ್ತದೆ. ಆ ಮೊಟ್ಟೆಯ ದ್ರವದಲ್ಲಿ ವೈರಸ್ ತುಂಬಿರುತ್ತದೆ.

ಇದರ ಜೀನ್ ಇರುವುದು ಆರ್‌ಎನ್‌ಎ ರೂಪದಲ್ಲಿ, ಅಂದರೆ ನಾಲ್ಕು ಬಗೆಯ ರಾಸಾಯನಿಕ ಅಕ್ಷರಗಳ ಉದ್ದ ಸಾಲು. ಲಾಸೋಟಾದಲ್ಲಿ 15,186 ಅಕ್ಷರ, ಈಗ ಓಡಾಡುವ 7, 13ನೇ ಗುಂಪಿನವುಗಳಲ್ಲಿ 15,192. ಆರು ಅಕ್ಷರ ಜಾಸ್ತಿ. ಎರಡೂ ಸಂಖ್ಯೆ ಆರರಿಂದ ಭಾಗವಾಗುತ್ತವೆ ನೋಡಿ. ಉದ್ದ ಆರರ ಲೆಕ್ಕದಲ್ಲಿ ಇಲ್ಲದಿದ್ದರೆ ಈ ವೈರಸ್ ಸರಿಯಾಗಿ ನಕಲಾಗುವುದಿಲ್ಲ. ಇಡೀ ಉದ್ದ ಓದಲು ಪುರುಸೊತ್ತಿಲ್ಲದಾಗ ಎಫ್ ಅನ್ನುವ ಒಂದು ಜೀನ್ ಸಾಕು, 1,662 ಅಕ್ಷರ. ಅದರ ಅಕ್ಷರಗಳಲ್ಲಿ ಸರಾಸರಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೇರೆ ಗುಂಪು ಅಂತ 2019ರಲ್ಲಿ ಹಲವು ದೇಶದವರು ಕೂತು ಒಪ್ಪಿಕೊಂಡ ಲೆಕ್ಕ.

ರೋಗದ ಜೋರು ತಿಳಿಯುವುದೂ ಎಫ್ ಜೀನಿನಿಂದಲೇ. ಈ ಜೀನ್ ಮಾಡುವ ಪ್ರೋಟೀನ್ ಎರಡು ತುಂಡಾದರೆ ಮಾತ್ರ ವೈರಸ್ ಕೋಳಿಯ ಜೀವಕೋಶದೊಳಗೆ ನುಗ್ಗಬಲ್ಲದು. ತುಂಡು ಮಾಡುವ ಕತ್ತರಿ, ಅಂದರೆ ಕಿಣ್ವ, ಕೋಳಿಯದೇ. ತುಂಡಾಗುವ ಜಾಗದಲ್ಲಿ, ಅಂದರೆ ಪ್ರೋಟೀನಿನ ಸರದಲ್ಲಿ ಮಣಿಗಳಂತಿರುವ ಅಮಿನೋ ಆಮ್ಲಗಳಲ್ಲಿ 112ರಿಂದ 117ರ ತನಕದ ಆರರಲ್ಲಿ, ಲಾಸೋಟಾದ ಸಾಲು ಹೀಗಿದೆ: ಗ್ಲೈಸಿನ್, ಆರ್ಜಿನಿನ್, ಗ್ಲುಟಮಿನ್, ಗ್ಲೈಸಿನ್, ಆರ್ಜಿನಿನ್, ಲ್ಯೂಸಿನ್. ಇದನ್ನು ಕತ್ತರಿಸುವ ಕಿಣ್ವ ಗಂಟಲು, ಕರುಳಿನ ಕಡೆ ಮಾತ್ರ ಸಿಗುತ್ತದೆ. ಹಾಗಾಗಿ ವೈರಸ್ ಅಲ್ಲೇ ಉಳಿಯುತ್ತದೆ, ಕೋಳಿಗೆ ಒಂದೆರಡು ದಿನ ಸೀನು ಬರಬಹುದು ಅಷ್ಟೇ. ಕೊಲ್ಲುವ ವೈರಸ್ಸಿನಲ್ಲಿ ಅದೇ ಜಾಗದಲ್ಲಿ ಸಾಮಾನ್ಯವಾಗಿ ಆರ್ಜಿನಿನ್, ಆರ್ಜಿನಿನ್, ಗ್ಲುಟಮಿನ್, ಲೈಸಿನ್, ಆರ್ಜಿನಿನ್, ಫಿನೈಲ್‌ಅಲನಿನ್ ಇರುತ್ತದೆ. ಇದನ್ನು ಕತ್ತರಿಸುವ ಫ್ಯೂರಿನ್ ಕಿಣ್ವ ಮೈಯೆಲ್ಲಾ ಇರುವುದರಿಂದ ವೈರಸ್ ಮಿದುಳಿನ ತನಕ ಹೋಗುತ್ತದೆ. ಕುತ್ತಿಗೆ ತಿರುಚುವುದು ಅದಕ್ಕೇ.

ಒಂದು ಎಚ್ಚರಿಕೆ. ಆರ್‌2ಬಿ ಲಸಿಕೆಯ ವೈರಸ್ಸಿನಲ್ಲೂ ಆ ಜಾಗದ ಸಾಲು ಕೊಲ್ಲುವ ಜಾತಿಯ ಹಾಗೇ ಇದೆ. ಅದು ಸ್ವಲ್ಪ ಖಾರದ ಲಸಿಕೆ, ಚಿಕ್ಕ ಮರಿಗೆ ಕೊಡಬಾರದು ಅನ್ನುವುದು ಅದಕ್ಕಾಗಿಯೇ. ಹಾಗಾಗಿ ಆರು ಆಮ್ಲ ನೋಡಿ ರೋಗದ ವೈರಸ್ ಸಿಕ್ಕಿತು ಅಂತ ಕೂಗಿಬಿಟ್ಟರೆ, ಆಮೇಲೆ ಅದು ಹಿಂದಿನ ವಾರ ಹಾಕಿದ ಲಸಿಕೆಯದೇ ಆಗಿರಬಹುದು. ಇಡೀ ಎಫ್ ಜೀನ್ ಓದಿ, ವಂಶವೃಕ್ಷದಲ್ಲಿ ಎಲ್ಲಿ ಕೂರುತ್ತದೆ ಅಂತ ನೋಡಲೇಬೇಕು.

ಪ್ರಶ್ನೆ: ನಮ್ಮದು ದಾವಣಗೆರೆ ಕಡೆ ಬ್ರಾಯ್ಲರ್ ಫಾರಂ. ಸೌಮ್ಯ ವೈರಸ್ ತಾನೇ ಜೋರಾಗಿ ಬದಲಾಗುವುದು ಸಾಧ್ಯವಾ?

ಉತ್ತರ: ಸಾಧ್ಯ, ಆಗಿದೆ ಕೂಡ. 1998ರಿಂದ 2000ದ ನಡುವೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಈ ರೋಗ ಬಂತು. ಜೀನ್ ಓದಿ ನೋಡಿದರೆ ಅದು ಅಲ್ಲಿನ ಫಾರಂಗಳಲ್ಲೇ ಸುಮ್ನೆ ಓಡಾಡಿಕೊಂಡಿದ್ದ ಸೌಮ್ಯ ವೈರಸ್. ತುಂಡಾಗುವ ಆ ಜಾಗದಲ್ಲಿ ಎರಡು ಬದಲಾವಣೆ ಆಗಿದ್ದೇ ಕೊಲ್ಲುವ ಜಾತಿಯಾಗಿತ್ತು. ಲಸಿಕೆಯಿಂದ ಹುಟ್ಟಿದ್ದಲ್ಲ ಅದು. ಅಲ್ಲಿ ವ್ಯಾಪಕವಾಗಿ ಲಸಿಕೆ ಹಾಕಲು ಶುರು ಮಾಡಿದ್ದೇ ಈ ಘಟನೆ ಆದ ಮೇಲೆ.

ಆರ್‌ಎನ್‌ಎ ವೈರಸ್ ತನ್ನನ್ನು ನಕಲು ಮಾಡಿಕೊಳ್ಳುವಾಗ ತಪ್ಪು ಮಾಡುತ್ತಲೇ ಇರುತ್ತದೆ. ಒಂದೇ ಶೆಡ್ಡಿನಲ್ಲಿ ಐದು ಸಾವಿರ ಮರಿ, ಅದರ ಪಕ್ಕ ಇನ್ನೊಂದು ಶೆಡ್, ಹಳೇ ಬ್ಯಾಚ್ ಹೋಗಿ ನಾಲ್ಕು ದಿನಕ್ಕೆ ಹೊಸ ಬ್ಯಾಚ್ ಅಂತಾದರೆ ಅದಕ್ಕೆ ನಕಲು ಮಾಡಲು ನಾವೇ ಜಾಗ ಕೊಟ್ಟ ಹಾಗೆ. ಬ್ಯಾಚ್ ನಡುವೆ ಶೆಡ್ ತೊಳೆದು, ಸುಣ್ಣ ಹೊಡೆದು, ಎರಡು ವಾರವಾದರೂ ಖಾಲಿ ಬಿಡಿ. ಬಾಡಿಗೆ, ಸಾಲದ ಕಂತು ಎಲ್ಲಾ ಇರುತ್ತದೆ ಅಂತ ಗೊತ್ತು, ಆದರೂ ಬಿಡಿ.

ಪ್ರಶ್ನೆ: ಈ ರೋಗ ಮನುಷ್ಯರಿಗೆ ಬರುತ್ತದಾ?

ಉತ್ತರ: ಲಸಿಕೆ ಹಾಕುವವರಿಗೆ, ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಕಣ್ಣು ಕೆಂಪಾಗಿ ಉರಿಯಬಹುದು, ಕೆಲವು ದಿನದಲ್ಲಿ ತಾನೇ ಹೋಗುತ್ತದೆ. ಚೆನ್ನಾಗಿ ಬೇಯಿಸಿದ ಮೊಟ್ಟೆ, ಮಾಂಸದಿಂದ ಭಯ ಇಲ್ಲ.

ಪ್ರಶ್ನೆ: ಕೋಳಿ ಸತ್ತರೆ ಪರೀಕ್ಷೆಗೆ ಎಲ್ಲಿ ಕೊಡಬೇಕು? ನಮ್ಮ ಕಡೆ ತಿಪ್ಪೆಗೆ ಎಸೆಯುತ್ತಾರೆ. (ಕೋಲಾರ ಜಿಲ್ಲೆ)

ಉತ್ತರ: ತಿಪ್ಪೆಗೂ ಬೇಡ, ಕೆರೆಗೂ ಬೇಡ. ನಾಯಿ, ಕಾಗೆ ಎಳೆದುಕೊಂಡು ಹೋದರೆ ರೋಗ ನಾಲ್ಕು ಊರಿಗೆ ಹರಡುತ್ತದೆ. ತೂಕಡಿಸುವ ಕೋಳಿಯನ್ನು ಸಿಕ್ಕಷ್ಟಕ್ಕೆ ಸಂತೆಯಲ್ಲಿ ಮಾರುವುದು ಅದಕ್ಕಿಂತ ಕೆಟ್ಟದ್ದು.

ಕೋಳಿ ಒಟ್ಟೊಟ್ಟಿಗೆ ಸಾಯುತ್ತಿದ್ದರೆ ನೀವೇ ಕೊಯ್ದು ನೋಡಬೇಡಿ. ಹಕ್ಕಿ ಜ್ವರವೂ ಹೊರಗಿಂದ ಹೀಗೇ ಕಾಣುತ್ತದೆ, ಕಣ್ಣಳತೆಯಲ್ಲಿ ಯಾರಿಗೂ ಬೇರೆ ಮಾಡಲು ಆಗುವುದಿಲ್ಲ. ಹತ್ತಿರದ ಪಶು ಆಸ್ಪತ್ರೆಗೆ ಅವತ್ತೇ ಫೋನ್ ಮಾಡಿ. ಅವರು ತೆಗೆದ ಮಾದರಿ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಂಥ ಲ್ಯಾಬಿಗೆ ಹೋಗುತ್ತದೆ, ಹಕ್ಕಿ ಜ್ವರದ ಅನುಮಾನ ಇದ್ದರೆ ಭೋಪಾಲದ ರಾಷ್ಟ್ರೀಯ ಲ್ಯಾಬಿಗೆ. ಬೆಳಗ್ಗೆ ಸತ್ತು ಸಂಜೆ ತನಕ ಬಿಸಿಲಲ್ಲಿ ಬಿದ್ದಿದ್ದ ಕೋಳಿಯಿಂದ ಓದುವಂಥ ಆರ್‌ಎನ್‌ಎ ಸಿಗುವುದು ಕಷ್ಟ. ಈಗ ತಾನೇ ಸತ್ತದ್ದು, ಇಲ್ಲವೇ ಇನ್ನೂ ಉಸಿರಾಡುತ್ತಿರುವ ಕೋಳಿ ಇದ್ದರೆ ಅದನ್ನೇ ತೋರಿಸಿ. ಲಸಿಕೆ ಹಾಕಿದ ತಾರೀಖು, ಬಾಟಲಿಯ ಮೇಲಿನ ಬ್ಯಾಚ್ ನಂಬರ್ ಬರೆದು ಜೊತೆಗೆ ಕೊಡಿ. ಉಳಿದವನ್ನು ಅವರು ಹೇಳಿದ ಹಾಗೆ ಆಳವಾದ ಗುಂಡಿಯಲ್ಲಿ, ಮೇಲೆ ಕೆಳಗೆ ಸುಣ್ಣ ಹಾಕಿ ಮುಚ್ಚಿ.